ಕಿವಿ ಇಲ್ಲದ ಮ್ಯಾಗ್ನೆಟ್ ಇಟ್ಟುಕೊಂಡು ಎಲೆಕ್ಟ್ರಾನ್ ಓಡಿಸೋದು ಹೇಗೆ?

ಹಳ್ಳದಮನೆ (ಶಿರಸಿ), ಭಾನುವಾರ ರಾತ್ರಿ 8:40

ನಮ್ಮದು ಶಿರಸಿಯಿಂದ ಒಳಗೆ, ಕಾಡಿನ ನಡುವಿನ ಮನೆ. ಹಿಂದಿನ ಹಳ್ಳಕ್ಕೆ ಪೈಪು ಹಾಕಿ 1 ಕಿಲೋವಾಟಿನ ಟರ್ಬೈನ್ ಕೂರಿಸಿದ್ದೇವೆ. ಮಳೆ ಹಿಡಿದ ಮೇಲೆ ಸಂಕ್ರಾಂತಿವರೆಗೆ ಕರೆಂಟಿಗೆ ಬರಗಾಲ ಇಲ್ಲ. ಲೈನ್ ಮೇಲೆ ಮರ ಬಿದ್ದು ಊರಿಗೆಲ್ಲ ನಾಲ್ಕು ದಿನ ಕತ್ತಲೆ ಇದ್ದಾಗಲೂ ನಮ್ಮಲ್ಲಿ ದೀಪ ಉರಿಯುತ್ತದೆ ಅಂತ ಸ್ವಲ್ಪ ಜಂಬವೂ ಇದೆ ಅನ್ನಿ.

ಇದರ ಜನರೇಟರ್ ಒಳಗೆ ಇರೋದು ಕಾಯಂ ಮ್ಯಾಗ್ನೆಟ್. ಅದೇ ಅದರ ಗುಣ, ಅದೇ ಅದರ ಕಾಟ. ದೊಡ್ಡ ಡೀಸೆಲ್ ಜನರೇಟರ್‌ನಲ್ಲಾದರೆ ಮ್ಯಾಗ್ನೆಟ್ ಕೆಲಸ ಮಾಡೋದೂ ಒಂದು ಕಾಯಿಲ್. ವೋಲ್ಟೇಜ್ ಜಾಸ್ತಿ ಆಯಿತು ಅಂದರೆ ಆ ಕಾಯಿಲ್‌ಗೆ ಹೋಗುವ ಕರೆಂಟ್ ಇಳಿಸಿದರಾಯಿತು, ಹಳೇ ರೇಡಿಯೋದ ಕಿವಿ ಹಿಂಡಿದ ಹಾಗೆ. ನಮ್ಮದಕ್ಕೆ ಕಿವಿಯೇ ಇಲ್ಲ. ರಾತ್ರಿ ಎಲ್ಲರೂ ದೀಪ ಆರಿಸಿ ಮಲಗಿದರೆ ಟರ್ಬೈನ್ ಮೇಲಿನ ಭಾರ ಇಳಿಯುತ್ತದೆ, ವೇಗ ಏರುತ್ತದೆ, ವೋಲ್ಟೇಜೂ ಏರುತ್ತದೆ. ಅದಕ್ಕೇ ಒಂದು ಕಂಟ್ರೋಲರ್ ಪೆಟ್ಟಿಗೆ ಇಟ್ಟಿದ್ದಾರೆ, ಉಳಿದ ಕರೆಂಟನ್ನು ಬಚ್ಚಲ ಹಂಡೆಯ ಹೀಟರ್‌ಗೆ ತಳ್ಳಲಿಕ್ಕೆ. ಹೋದ ಶ್ರಾವಣದಲ್ಲಿ ಒಂದು ರಾತ್ರಿ ಪೆಟ್ಟಿಗೆ ಕೈಕೊಟ್ಟಿತು. ಜಗಲಿಯ ಬಲ್ಬ್ ಬೆಳ್ಳಗೆ ಉರಿದು ಟಪ್ ಅಂತು, ಅದರ ಹಿಂದೆ ಅಡುಗೆಮನೆಯದ್ದು, ನಾನು ಎದ್ದು ಟಾರ್ಚ್ ಹುಡುಕಿ ಹಳ್ಳಕ್ಕೆ ಓಡಿ ನೀರು ಕಟ್ಟುವಷ್ಟರಲ್ಲಿ ಟೀವಿಯ ಸೆಟ್‌ಟಾಪ್ ಬಾಕ್ಸೂ ಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗಳು ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ರಜೆಗೆ ಬಂದವಳು ಹೇಳಿದಳು, ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಸುತ್ತಿಸುವ ದೊಡ್ಡ ಯಂತ್ರಗಳಿವೆಯಂತೆ, ಸ್ಟೋರೇಜ್ ರಿಂಗ್ ಅಂತ. ಅವುಗಳಲ್ಲಿ ಕಾಯಿಲ್ ಮ್ಯಾಗ್ನೆಟ್ ತೆಗೆದು ಕಾಯಂ ಮ್ಯಾಗ್ನೆಟ್ ಹಾಕುತ್ತಿದ್ದಾರಂತೆ, ಕರೆಂಟ್ ಉಳಿಸಲಿಕ್ಕೆ. ನನಗೆ ನಂಬಿಕೆ ಬರಲಿಲ್ಲ. ಎರಡು ಬಲ್ಬ್ ಉರಿಸುವ ನನ್ನ ಯಂತ್ರವೇ ಕಿವಿ ಇಲ್ಲದೆ ಇಷ್ಟು ಆಟ ಆಡಿಸುತ್ತದೆ. ಕೂದಲೆಳೆಗಿಂತ ಸಣ್ಣ ಎಲೆಕ್ಟ್ರಾನ್ ಗುಂಪನ್ನು ದಾರಿ ತಪ್ಪದ ಹಾಗೆ ಓಡಿಸೋರು ಅದನ್ನು ಹೇಗೆ ಸಹಿಸಿಕೊಳ್ಳುತ್ತಾರೆ? ಗೊತ್ತಿದ್ದವರು ಹೇಳಿ.

ಕಾಳಿದಂಡೆ_ಮಾಸ್ತರು (ಕಾರವಾರ), ರಾತ್ರಿ 9:25

ಒಳ್ಳೇ ಪ್ರಶ್ನೆ ಮಾರಾಯ್ರೇ. ಟರ್ಬೈನ್ ಇಟ್ಟುಕೊಂಡವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಮೊದಲು ಆ ಉಂಗುರದೊಳಗೆ ಮ್ಯಾಗ್ನೆಟ್ ಏನು ಮಾಡುತ್ತದೆ ನೋಡಿ. ಅದು ಎಲೆಕ್ಟ್ರಾನನ್ನು ದೂಡುವುದಿಲ್ಲ, ಬರೀ ತಿರುಗಿಸುತ್ತದೆ. ಗೂಟಕ್ಕೆ ಕಟ್ಟಿದ ಕರು ಹಗ್ಗ ಬಿಗಿದುಕೊಂಡು ಸುತ್ತು ಹೊಡೆಯುತ್ತದಲ್ಲ, ಆ ಗೂಟದ ಕೆಲಸ ಇದರದ್ದು. ಗೂಟಕ್ಕೇನು ದಣಿವು? ಕಾಯಂ ಮ್ಯಾಗ್ನೆಟ್ ಅಂದರೆ ಗೂಟ. ಎಲೆಕ್ಟ್ರೋಮ್ಯಾಗ್ನೆಟ್ ಅಂದರೆ ಗೂಟದ ಬದಲು ಒಬ್ಬ ಆಳನ್ನು ಹಗ್ಗ ಹಿಡಿದು ನಿಲ್ಲಿಸಿದ ಹಾಗೆ. ಅವನು ನಿಂತಲ್ಲೇ ನಿಂತಿದ್ದರೂ ದಿನವಿಡೀ ಊಟ ಹಾಕಬೇಕು. ಕಾಯಿಲ್‌ಗೆ ಕೊಟ್ಟ ಕರೆಂಟೆಲ್ಲ ತಾಮ್ರದಲ್ಲಿ ಬಿಸಿಯಾಗಿ ಹೋಗುತ್ತದೆ, ಎಲೆಕ್ಟ್ರಾನಿಗೆ ಒಂದು ಚೂರೂ ಸಿಗುವುದಿಲ್ಲ. ಆ ಬಿಸಿ ಇಳಿಸಲು ತಾಮ್ರದ ಕೊಳವೆಯಲ್ಲಿ ನೀರು ಹರಿಸಬೇಕು, ಆ ನೀರಿಗೆ ಪಂಪು, ಪಂಪಿಗೆ ಮತ್ತೆ ಕರೆಂಟು.

ಆದರೆ ಆಳಿಗೆ ಒಂದು ಅನುಕೂಲ ಇದೆ. ಹಗ್ಗ ಸಡಿಲ ಬಿಡು ಅಂದರೆ ಬಿಡುತ್ತಾನೆ. ಗೂಟ ಬಿಡುವುದಿಲ್ಲ. ನಿಮ್ಮ ಕಿವಿಯ ಪ್ರಶ್ನೆ ಇದೇ.

ಉತ್ತರದ ಮೊದಲ ಅರ್ಧ ಹೀಗೆ. ನಿಮ್ಮ ಮನೆಯಲ್ಲಿ ಭಾರ ಗಂಟೆಗೊಂದು ಥರ ಬದಲಾಗುತ್ತದೆ. ಸ್ಟೋರೇಜ್ ರಿಂಗ್‌ನಲ್ಲಿ ಬದಲಾಗುವುದಿಲ್ಲ. ಹೆಸರೇ ಹೇಳುವ ಹಾಗೆ ಅದು ಕೂಡಿಡುವ ಉಂಗುರ. ಎಲೆಕ್ಟ್ರಾನುಗಳು ಒಂದೇ ಶಕ್ತಿಯಲ್ಲಿ ಗಂಟೆಗಟ್ಟಲೆ ಸುತ್ತುತ್ತಿರುತ್ತವೆ, ಅವು ಬಾಗುವಾಗ ಚೆಲ್ಲುವ ಎಕ್ಸ್‌ರೇ ಬೆಳಕನ್ನು ಸುತ್ತ ಕೂತ ವಿಜ್ಞಾನಿಗಳು ಬಳಸುತ್ತಾರೆ. ವರ್ಷಾನುಗಟ್ಟಲೆ ಅದೇ ಶಕ್ತಿ, ಅದೇ ಬಾಗು. ಕರು ಬದಲಾಗುವುದಿಲ್ಲ ಅಂದ ಮೇಲೆ ಆಳು ಯಾಕೆ, ಗೂಟ ಸಾಕಲ್ವಾ?

ತಾಮ್ರದತಂತಿ (ಶಿರಸಿ), ರಾತ್ರಿ 9:50

ನಂದು ವೈಂಡಿಂಗ್ ಅಂಗಡಿ. ಮಾಸ್ತರ್ರು ಹೇಳಿದ ತಾಮ್ರದ ಬಿಸಿ ನನಗೆ ಅನ್ನ ಕೊಡುವ ಬಿಸಿ. ತೋಟದ ಪಂಪ್‌ಸೆಟ್ ಸುಟ್ಟು ಬಂದರೆ ಬಿಚ್ಚಿದ ತಕ್ಷಣ ಒಂದು ವಾಸನೆ ಹೊಡೆಯುತ್ತದೆ, ವಾರ್ನಿಶ್ ಕರಕಲಾದದ್ದು. ಎಷ್ಟು ಸಲ ಕೈ ತೊಳೆದರೂ ಊಟಕ್ಕೆ ಕೂತಾಗ ಬೆರಳಲ್ಲಿ ಇರುತ್ತದೆ.

ಕಾಯಂ ಮ್ಯಾಗ್ನೆಟ್ ಕರೆಂಟ್ ಉಳಿಸುತ್ತದೆ ಅನ್ನೋದನ್ನು ನೋಡೋಕೆ ಉಂಗುರದವರೆಗೆ ಹೋಗಬೇಕಾಗಿಲ್ಲ. ತಲೆ ಎತ್ತಿ ಫ್ಯಾನ್ ನೋಡಿ. ಹಳೇ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ, ಈಗ ಬರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಹಳೇದರಲ್ಲಿ ತಿರುಗುವ ಭಾಗಕ್ಕೆ ಮ್ಯಾಗ್ನೆಟ್ ಗುಣ ಬರಬೇಕಾದರೆ ಅದರಲ್ಲಿ ಕರೆಂಟ್ ಹುಟ್ಟಲೇಬೇಕು, ಅದು ಅಲ್ಲೇ ಬಿಸಿಯಾಗಿ ಹಾಳು. ಹೊಸದರಲ್ಲಿ ಸಾಲಾಗಿ ಮ್ಯಾಗ್ನೆಟ್ ಅಂಟಿಸಿಯೇ ಬಂದಿರುತ್ತದೆ. ಉಳಿತಾಯ ಪೂರಾ ಇದರಿಂದಲೇ ಅಲ್ಲ, ಆದರೆ ದೊಡ್ಡ ಪಾಲು ಇದರದ್ದೇ. ಹಾಂ, ರಿಪೇರಿಗೆ ಮಾತ್ರ ನನ್ನ ಹತ್ತಿರ ತರಬೇಡಿ, ಅದರ ಬೋರ್ಡ್ ಹೋದರೆ ನಾನು ಏನೂ ಮಾಡಲಾರೆ.

ಬೇಲೆಕೇರಿ_ಬಾಳೆ (ಅಂಕೋಲಾ), ರಾತ್ರಿ 10:05

ಮ್ಯಾಗ್ನೆಟ್‌ನಿಂದಲೇ ಫ್ರೀ ಕರೆಂಟ್ ತೆಗೆಯುವ ವಿಡಿಯೋ ಬಂದಿತ್ತು ನನಗೆ. ಫ್ಯಾನಿಗೆ ನಾಲ್ಕು ಮ್ಯಾಗ್ನೆಟ್ ಹಿಡಿದರೆ ಬಲ್ಬ್ ಉರಿಯುತ್ತದೆ. ಹಾಗಾದರೆ ಅದು ನಿಜ ಅಂತಾಯಿತಲ್ಲ?

ಕಾಳಿದಂಡೆ_ಮಾಸ್ತರು (ಕಾರವಾರ), ರಾತ್ರಿ 10:12

ಇಲ್ಲ ತಮ್ಮಾ. ಗೂಟ ಹಾಲು ಕೊಡುವುದಿಲ್ಲ. ಮ್ಯಾಗ್ನೆಟ್ ಹಿಡಿದುಕೊಳ್ಳುತ್ತದೆ, ಶಕ್ತಿ ಕೊಡುವುದಿಲ್ಲ. ಆ ವಿಡಿಯೋದಲ್ಲಿ ಮೇಜಿನ ಕೆಳಗೆ ವೈರ್ ಇರುತ್ತದೆ.

ಅಂಕೋಲೆಅನುಮಾನ, ರಾತ್ರಿ 10:30

ನಾನು ಬೇರೆ ಥರದ ಅನುಮಾನದವನು. ಇದೆಲ್ಲ ಕೇಳಲಿಕ್ಕೆ ಚಂದ. ಒಟ್ಟು ಬಿಲ್ಲಿನಲ್ಲಿ ಈ ಮ್ಯಾಗ್ನೆಟ್ ಪಾಲು ಎಷ್ಟು ಅಂತ ಯಾರೂ ಹೇಳುತ್ತಿಲ್ಲ. ಎಲೆಕ್ಟ್ರಾನ್ ಬೆಳಕು ಚೆಲ್ಲುತ್ತದೆ ಅಂದರೆ ಶಕ್ತಿ ಕಳೆದುಕೊಳ್ಳುತ್ತದೆ ಅಂತ ತಾನೇ? ಅದನ್ನು ಯಾರಾದರೂ ತುಂಬಿಕೊಡಬೇಕು. ಗೂಟ ತುಂಬಿಕೊಡುತ್ತದಾ? ಇಷ್ಟು ಕರೆಂಟ್ ಹುಟ್ಟಿಸುವ ಜಿಲ್ಲೆ ನಮ್ಮದು, ನಾಗಝರಿ, ಕೊಡಸಳ್ಳಿ, ಕದ್ರಾ, ಮೇಲೆ ಕೈಗಾ ಬೇರೆ, ಆದರೂ ಗಾಳಿ ಬೀಸಿದರೆ ನಮ್ಮನೆ ಕತ್ತಲೆ. ಹಾಗಾಗಿ ಕರೆಂಟ್ ಉಳಿಸಿದೆವು ಅನ್ನೋರನ್ನು ಕಂಡರೆ ನಾನು ಮೀಟರ್ ತೋರಿಸಿ ಅನ್ನುವವನು.

ಅಣ್ಣನಮಗಳು (ಧಾರವಾಡ), ರಾತ್ರಿ 11:10

ಚಿಕ್ಕಪ್ಪ ನನ್ನ ಹೆಸರೆತ್ತಿ ಇಲ್ಲಿ ದೊಡ್ಡ ಸಭೆಯನ್ನೇ ಸೇರಿಸಿದ್ದಾರೆ, ಹಾಗಾಗಿ ಬಂದೆ.

ಅನುಮಾನ ಅಣ್ಣ ಹೇಳಿದ್ದು ಸರಿ ಇದೆ. ಬೆಳಕಾಗಿ ಹೋದ ಶಕ್ತಿಯನ್ನು ಪ್ರತಿ ಸುತ್ತಿನಲ್ಲೂ ರೇಡಿಯೋ ಅಲೆಯ ಪೆಟ್ಟಿಗೆಗಳು ತುಂಬಿಕೊಡುತ್ತವೆ. ಆರ್‌ಎಫ್ ಕ್ಯಾವಿಟಿ ಅಂತಾರೆ. ಆ ಖರ್ಚು ಮ್ಯಾಗ್ನೆಟ್ ಬದಲಾಯಿಸಿದರೆ ಪೂರ್ತಿ ತಪ್ಪುವುದಿಲ್ಲ. ಸುರಂಗದ ಎ.ಸಿ., ಗಾಳಿ ತೆಗೆಯುವ ಪಂಪುಗಳು, ಇವೂ ಇರುತ್ತವೆ. ಉಳಿಯೋದು ಕಾಯಿಲ್ ತಿನ್ನುವ ಪಾಲು ಮತ್ತು ಅದನ್ನು ತಂಪು ಮಾಡುವ ಪಾಲು. ಅಷ್ಟೇ. ಆದರೆ ಆ ‘ಅಷ್ಟೇ’ ಸಣ್ಣದಲ್ಲ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಒಂದು ಮ್ಯಾಗ್ನೆಟ್ ಕಾಯಿಲ್ 1 ಕಿಲೋವಾಟ್ ತಿನ್ನುತ್ತದೆ, ಅಂಥವು 100 ಇವೆ, ಯಂತ್ರ ವರ್ಷಕ್ಕೆ 6,000 ಗಂಟೆ ಓಡುತ್ತದೆ. 6 ಲಕ್ಷ ಯೂನಿಟ್ ಆಯಿತು. ತಿಂಗಳಿಗೆ 100 ಯೂನಿಟ್ ಸುಡುವ ಮನೆಗಳಾದರೆ 500 ಮನೆಯ ವರ್ಷದ ಕರೆಂಟ್. ತಂಪು ಮಾಡುವ ಖರ್ಚು ಬೇರೆ.

ನಿಜವಾದ ಉದಾಹರಣೆ ಬೇಕು ಅಂದರೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಇಎಸ್‌ಆರ್‌ಎಫ್ ಅಂತ ಇದೆ. 844 ಮೀಟರ್ ಸುತ್ತಳತೆ, 6 ಜಿಇವಿ ಶಕ್ತಿ (ಜಿಇವಿ ಅಂದರೆ ಎಲೆಕ್ಟ್ರಾನಿನಂಥ ಕಣಗಳ ಶಕ್ತಿ ಅಳೆಯುವ ಮಾನ). 2018ರ ಕೊನೆಗೆ ಹಳೇ ಉಂಗುರ ನಿಲ್ಲಿಸಿ, ಅದೇ ಸುರಂಗದೊಳಗೆ ಹೊಸ ಉಂಗುರ ಜೋಡಿಸಿ, 2020ರ ಆಗಸ್ಟ್‌ನಲ್ಲಿ ಮತ್ತೆ ಬಳಕೆಗೆ ಬಿಟ್ಟರು. ಅದರಲ್ಲಿ 128 ಬಾಗುವ ಮ್ಯಾಗ್ನೆಟ್‌ಗಳು ಕಾಯಂ ಮ್ಯಾಗ್ನೆಟ್. ಒಟ್ಟು ಮ್ಯಾಗ್ನೆಟ್ ಸಾವಿರಕ್ಕೂ ಜಾಸ್ತಿ ಇವೆ, ಅಂದರೆ ಹಳೇದಕ್ಕಿಂತ ಎಷ್ಟೋ ಜಾಸ್ತಿ, ಆದರೂ ಕರೆಂಟ್ ಬಳಕೆ ಇಳಿದಿದೆ.

ಹಳ್ಳದಮನೆ (ಶಿರಸಿ), ಸೋಮವಾರ ಬೆಳಿಗ್ಗೆ 6:15

ತಂಗೀ, ಮ್ಯಾಗ್ನೆಟ್ ಯಾಕೆ ಜಾಸ್ತಿ ಮಾಡಿದರು? ಉಳಿಸೋರು ಕಮ್ಮಿ ಮಾಡಬೇಕಲ್ಲ?

ಅಣ್ಣನಮಗಳು (ಧಾರವಾಡ), ಬೆಳಿಗ್ಗೆ 8:20

ದೇವಿಮನೆ ಘಟ್ಟ ನೆನಪು ಮಾಡಿಕೊಳ್ಳಿ ಚಿಕ್ಕಪ್ಪ. ಕುಮಟಾ ಬಸ್ಸು ಒಂದೇ ಸಲ ಗರಕ್ ಅಂತ ತಿರುಗಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅದೇ ತಿರುವನ್ನು ಸಣ್ಣ ಸಣ್ಣ ಏಳು ತಿರುವು ಮಾಡಿದರೆ ಚೀಲವೂ ಅಲುಗಾಡುವುದಿಲ್ಲ. ಎಲೆಕ್ಟ್ರಾನ್ ಗುಂಪೂ ಹಾಗೇ, ಜೋರು ತಿರುವಿನಲ್ಲಿ ಅಗಲಕ್ಕೆ ಹರಡಿಕೊಳ್ಳುತ್ತದೆ. ಗ್ರೆನೋಬಲ್‌ನಲ್ಲಿ ಮೊದಲು ಒಂದೊಂದು ಭಾಗಕ್ಕೆ 2 ಬಾಗು ಇತ್ತು, ಈಗ 7. ಗುಂಪು ತೆಳ್ಳಗಾಯಿತು, ಬೆಳಕು ಚೂಪಾಯಿತು.

ನನಗೆ ಇಷ್ಟ ಆದ ಸಂಗತಿ ಇದು. ತಿರುವು ಮೆತ್ತಗಾದ ಮೇಲೆ ಒಂದೊಂದು ಮ್ಯಾಗ್ನೆಟ್ ಜೋರು ಇರಬೇಕಾಗಿಲ್ಲ. ಅಲ್ಲಿನ ಕಾಯಂ ಮ್ಯಾಗ್ನೆಟ್‌ಗಳ ಬಲ 0.67 ಟೆಸ್ಲಾದಿಂದ 0.17 ಟೆಸ್ಲಾವರೆಗೆ, ಅದೂ ಒಂದೇ ಮ್ಯಾಗ್ನೆಟ್‌ನ ಉದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಐದು ತುಂಡು ಸಾಲಾಗಿ ಇಟ್ಟು, ಒಂದೊಂದು ತುಂಡಿನಲ್ಲಿ ಮ್ಯಾಗ್ನೆಟ್ ಸಾಮಾನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿದ್ದಾರೆ. ಕಾಯಿಲ್‌ನಲ್ಲಿ ಇದನ್ನೇ ಮಾಡಬೇಕಾದರೆ ಒದ್ದಾಟ.

ನಿವೃತ್ತ_ಕದ್ರಾ, ಬೆಳಿಗ್ಗೆ 9:00

ಎಲ್ಲಾ ಸರಿ. ಆದರೆ ಸೆಖೆ? ಯಾರೂ ಸೆಖೆಯ ಮಾತೇ ಎತ್ತಿಲ್ಲ. ಮ್ಯಾಗ್ನೆಟ್ ಬಿಸಿಯಾದರೆ ಬಲ ಕಮ್ಮಿ ಆಗುತ್ತದೆ. ನಾನು ಸ್ಥಾವರದಲ್ಲಿ ಉಪಕರಣ ವಿಭಾಗದಲ್ಲಿ ಇದ್ದವನು, ಮೀಟರಿನ ಮ್ಯಾಗ್ನೆಟ್ ಬಿಸಿಗೆ ಓದು ತಪ್ಪಿಸೋದು ನೋಡಿದ್ದೇನೆ.

ಸ್ಪೀಕರ್‌ನಲ್ಲಿರುವ ಕಪ್ಪು ಫೆರೈಟ್ ಮ್ಯಾಗ್ನೆಟ್ 1 ಡಿಗ್ರಿಗೆ ಸುಮಾರು 0.2 ಶೇಕಡಾ ಇಳಿಯುತ್ತದೆ. ನಿಯೋಡಿಮಿಯಂನದ್ದು 0.1ರ ಆಸುಪಾಸು. ಸಮೇರಿಯಂ-ಕೋಬಾಲ್ಟ್ ಚೆನ್ನ, 0.03 ಅಥವಾ 0.04. ಕೇಳಲಿಕ್ಕೆ ಸಣ್ಣ ಅಂಕಿ. ಆದರೆ ಉಂಗುರದವರಿಗೆ ಹತ್ತು ಸಾವಿರದಲ್ಲಿ ಒಂದು ಪಾಲು ಹೆಚ್ಚುಕಮ್ಮಿ ಆದರೂ ಲೆಕ್ಕ ತಪ್ಪುತ್ತದೆ. ನಿಯೋಡಿಮಿಯಂ 1 ಡಿಗ್ರಿ ಬಿಸಿಯಾದರೆ ಸಾವಿರಕ್ಕೆ ಒಂದು ಪಾಲೇ ಹೋಯಿತು.

ಇನ್ನೊಂದು, ರೇಡಿಯೇಷನ್. ದಾರಿ ತಪ್ಪಿದ ಎಲೆಕ್ಟ್ರಾನ್ ಗೋಡೆಗೆ ಬಡಿದು ಬೇರೆ ಬೇರೆ ಕಣಗಳನ್ನು ಎಬ್ಬಿಸುತ್ತದೆ. ಅದು ಮ್ಯಾಗ್ನೆಟ್ ಮೇಲೆ ಬೀಳುತ್ತಾ ಹೋದರೆ ನಿಯೋಡಿಮಿಯಂ ನಿಧಾನಕ್ಕೆ ಬಲ ಬಿಡುತ್ತದೆ. ಸಮೇರಿಯಂ-ಕೋಬಾಲ್ಟ್ ಈ ವಿಷಯದಲ್ಲೂ ಗಟ್ಟಿ. ಗ್ರೆನೋಬಲ್‌ನವರು ಅದನ್ನೇ ಆರಿಸಿದ್ದು ಸುಮ್ನೆ ಅಲ್ಲ.

ಯಲ್ಲಾಪುರದಕ್ಕ, ಬೆಳಿಗ್ಗೆ 11:40

ನಾನು ಓದಿದ್ದು ಪಿಯುಸಿ, ಮಾಡೋದು ತೋಟ. ಆದರೂ ಕೇಳುತ್ತೇನೆ. 0.03 ಆದರೂ ಇಳಿಯೋದು ಇಳಿಯೋದೇ ಅಲ್ವಾ ಅಣ್ಣ? ಅದಕ್ಕೆ ಎಂತ ಮಾಡುತ್ತಾರೆ?

ನಿವೃತ್ತ_ಕದ್ರಾ, ಮಧ್ಯಾಹ್ನ 12:30

ಅಕ್ಕ, ತೋಟದವರಿಗೆ ಇದನ್ನು ಹೇಳೋದು ಸುಲಭ. ಮೇಲಿನಿಂದ ಬರುವ ನೀರು ಗಿಡಕ್ಕೆ ಒಂದೇ ಸಮ ಬೇಕು ಅಂತ ಇಟ್ಟುಕೊಳ್ಳಿ. ನೀವು ಪಕ್ಕದಲ್ಲಿ ಒಂದು ಸಣ್ಣ ಕಾದಿಗೆ ಬಿಟ್ಟು ಸ್ವಲ್ಪ ನೀರನ್ನು ಬೇಕಂತಲೇ ಹೊರಗೆ ಹರಿಸುತ್ತೀರಿ. ಬೇಸಿಗೆಯಲ್ಲಿ ಮೇಲಿನ ನೀರು ಕಮ್ಮಿ ಆದಾಗ ಆ ಕಾದಿಗೆ ತಾನಾಗೇ ಕಟ್ಟಿಕೊಂಡರೆ? ಗಿಡಕ್ಕೆ ಹೋಗುವ ನೀರು ಅಷ್ಟೇ ಇರುತ್ತದೆ.

ಮ್ಯಾಗ್ನೆಟ್ ಪಕ್ಕದಲ್ಲಿ ಕಬ್ಬಿಣ ಮತ್ತು ನಿಕ್ಕಲ್ ಬೆರೆಸಿದ ತೆಳು ಪಟ್ಟಿ ಇಡುತ್ತಾರೆ, ನಿಕ್ಕಲ್ ಸುಮಾರು 30 ಶೇಕಡಾ. ಅದು ಮ್ಯಾಗ್ನೆಟ್ ಬಲದ ಒಂದು ಪಾಲನ್ನು ಅಡ್ಡದಾರಿಗೆ ಎಳೆದುಕೊಳ್ಳುತ್ತದೆ, ಎಲೆಕ್ಟ್ರಾನ್ ಹೋಗುವ ಸಂದಿಗೆ ಬಿಡದೆ. ಬಿಸಿ ಏರಿದಾಗ ಮ್ಯಾಗ್ನೆಟ್ ಸೋಲುತ್ತದೆ. ಆದರೆ ಪಟ್ಟಿ ಅದಕ್ಕಿಂತ ಬೇಗ ಸೋಲುತ್ತದೆ, ಎಳೆದುಕೊಳ್ಳುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಒಟ್ಟಿನಲ್ಲಿ ಸಂದಿಯಲ್ಲಿ ಬಲ ಮೊದಲಿನಷ್ಟೇ. ಪಟ್ಟಿ ಎಷ್ಟು ಹಾಕಬೇಕು ಅನ್ನೋದನ್ನು ಒಂದೊಂದು ಮ್ಯಾಗ್ನೆಟ್‌ಗೂ ಅಳೆದು ಹಾಕುತ್ತಾರೆ. ಕರೆಂಟಿಲ್ಲ, ಸೆನ್ಸರ್ ಇಲ್ಲ, ಬೋರ್ಡಿಲ್ಲ. ನನಗೆ ಇಡೀ ಯಂತ್ರದಲ್ಲಿ ಮೆಚ್ಚುಗೆಯಾದ ತುಂಡು ಇದೊಂದೇ.

ಯಲ್ಲಾಪುರದಕ್ಕ, ಮಧ್ಯಾಹ್ನ 12:50

ಈಗ ಗೊತ್ತಾಯಿತು. ನಮ್ಮ ಕಾದಿಗೆ ಮಾತ್ರ ಬೇಕಾದಾಗ ಕಟ್ಟಿಕೊಳ್ಳುವುದಿಲ್ಲ, ಬೇಡದಾಗ ಸೊಪ್ಪು ಬಿದ್ದು ಕಟ್ಟಿಕೊಳ್ಳುತ್ತದೆ.

ತಾಮ್ರದತಂತಿ (ಶಿರಸಿ), ಮಧ್ಯಾಹ್ನ 2:15

ಬಿಸಿಯ ಮಾತು ಬಂತು ಅಂತ ಅಂಗಡಿಯಲ್ಲೇ ಮಾಡಿ ನೋಡಿದೆ. ಹಳೇ ಸ್ಪೀಕರಿನ ಫೆರೈಟ್ ಬಳೆ ತೆಗೆದು, ತೂಗುಹಾಕಿ, ಕೆಳಗೆ ಕಬ್ಬಿಣದ ವಾಶರ್ ಒಂದೊಂದೇ ಅಂಟಿಸುತ್ತಾ ಹೋದೆ. ತಣ್ಣಗಿದ್ದಾಗ 14 ಹಿಡಿಯಿತು, 15ನೇದು ಬಿತ್ತು. ಆಮೇಲೆ ಚಹಾ ಕಾಯಿಸುವ ಪಾತ್ರೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಇಕ್ಕಳದಲ್ಲಿ ಎತ್ತಿ ಅದೇ ಆಟ. 11ಕ್ಕೇ ಕೈಬಿಟ್ಟಿತು. ಒಂದು ಗಂಟೆ ಬಿಟ್ಟು ಮತ್ತೆ ನೋಡಿದರೆ 14. ಅಂದರೆ ಪೂರ್ತಿ ಸತ್ತಿರಲಿಲ್ಲ, ಸುಸ್ತಾಗಿತ್ತು ಅಷ್ಟೇ.

ಹುಡುಗ ಆ ನೀರಲ್ಲೇ ಚಹಾ ಮಾಡಲು ಹೊರಟಿದ್ದ. ಬೈದು ಚೆಲ್ಲಿಸಿದೆ.

ಅಂಕೋಲೆಅನುಮಾನ, ಸಂಜೆ 6:00

ಮೀಟರ್ ತೋರಿಸಿ ಅಂದಿದ್ದೆ, ತಂಗಿ ಲೆಕ್ಕವನ್ನಾದರೂ ತೋರಿಸಿದಳು, ಒಪ್ಪಿದೆ. ಇನ್ನೊಂದು ಅನುಮಾನ. ನಮ್ಮ ದೇಶದಲ್ಲೂ ಇಂದೋರಿನಲ್ಲಿ ಇಂಥ ಉಂಗುರ ಇದೆ. ನಮ್ಮ ತುಮಕೂರಿನ ರಾಜಾ ರಾಮಣ್ಣನವರ ಹೆಸರಿನ ಕೇಂದ್ರ. ಅವರು ಯಾಕೆ ಗೂಟ ಹಾಕಿಲ್ಲ?

ಅಣ್ಣನಮಗಳು (ಧಾರವಾಡ), ರಾತ್ರಿ 9:30

ಅಲ್ಲಿಗೆ ನಮ್ಮ ವಿಭಾಗದಿಂದ ಕರೆದುಕೊಂಡು ಹೋಗಿದ್ದರು. ಇಂಡಸ್-2 ಅಂತ, 172.5 ಮೀಟರ್ ಸುತ್ತಳತೆ, 2.5 ಜಿಇವಿ. 16 ಬಾಗುವ ಮ್ಯಾಗ್ನೆಟ್, ಎಲ್ಲವೂ ಕಾಯಿಲ್‌ನವು. ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಆಮೇಲೆ ಅಲ್ಲಿನ ನಕ್ಷೆ ನೋಡುವಾಗ ನನಗೇ ಉತ್ತರ ಸಿಕ್ಕಿತು.

ಗ್ರೆನೋಬಲ್‌ನಲ್ಲಿ ಎಲೆಕ್ಟ್ರಾನುಗಳನ್ನು ಬೇರೆ ಸಣ್ಣ ಉಂಗುರದಲ್ಲಿ ಪೂರ್ತಿ 6 ಜಿಇವಿಗೆ ಏರಿಸಿ, ಆಮೇಲೆ ದೊಡ್ಡ ಉಂಗುರಕ್ಕೆ ಬಿಡುತ್ತಾರೆ. ದೊಡ್ಡದರಲ್ಲಿ ಶಕ್ತಿ ಬದಲಾಗುವುದೇ ಇಲ್ಲ. ಇಂದೋರಿನಲ್ಲಿ ಹಾಗಲ್ಲ. ಸಣ್ಣ ಉಂಗುರದಿಂದ 550 ಎಂಇವಿಯಲ್ಲಿ (1,000 ಎಂಇವಿ ಸೇರಿದರೆ 1 ಜಿಇವಿ) ಬಂದ ಎಲೆಕ್ಟ್ರಾನುಗಳನ್ನು ಇಂಡಸ್-2 ಒಳಗೇ 2.5 ಜಿಇವಿವರೆಗೆ ಏರಿಸುತ್ತಾರೆ. ಅಂದರೆ ಒಳಗೆ ಬಂದಾಗ ಮ್ಯಾಗ್ನೆಟ್ ಬಲ 0.33 ಟೆಸ್ಲಾ ಇರಬೇಕು, ಏರುತ್ತಾ ಏರುತ್ತಾ 1.5 ಟೆಸ್ಲಾ ಆಗಬೇಕು. ಕರು ಒಳಗೆ ಬಂದು ಎತ್ತಾಗುತ್ತದೆ, ಹಗ್ಗದ ಬಿಗಿತ ಅದಕ್ಕೆ ಸರಿಯಾಗಿ ಬದಲಾಗುತ್ತಾ ಹೋಗಬೇಕು. ಅಲ್ಲಿ ಆಳೇ ಬೇಕು, ಗೂಟ ನಡೆಯುವುದಿಲ್ಲ.

ಹಾಗಂತ ಅಲ್ಲಿ ಕಾಯಂ ಮ್ಯಾಗ್ನೆಟ್ಟೇ ಇಲ್ಲ ಅಂತಲ್ಲ. ಅಂಡ್ಯುಲೇಟರ್ ಅಂತ ಎಲೆಕ್ಟ್ರಾನನ್ನು ಹಾವಿನ ಹಾಗೆ ಅಂಕುಡೊಂಕು ಓಡಿಸಿ ಬೆಳಕು ತೆಗೆಯುವ ಸಾಲು ಇದೆ, ಅದು ನಿಯೋಡಿಮಿಯಂ ಮ್ಯಾಗ್ನೆಟ್‌ನದ್ದು. ಅದಕ್ಕೆ ಚಿಕ್ಕಪ್ಪ ಹೇಳಿದ ಕಿವಿಯೂ ಇದೆ. ಮೇಲಿನ ಸಾಲು ಕೆಳಗಿನ ಸಾಲಿನ ನಡುವಿನ ಸಂದಿಯನ್ನು ಮೋಟರ್‌ನಿಂದ ಹೆಚ್ಚುಕಮ್ಮಿ ಮಾಡುತ್ತಾರೆ, ಬಲ ಬದಲಾಗುತ್ತದೆ.

ಕಾಳಿದಂಡೆ_ಮಾಸ್ತರು (ಕಾರವಾರ), ರಾತ್ರಿ 10:00

ಇದು ನಾನು ಉಳಿಸಿಕೊಂಡಿದ್ದ ಎರಡನೇ ಅರ್ಧ, ಹುಡುಗಿ ಆಗಲೇ ಅರ್ಧ ಹೇಳಿಬಿಟ್ಟಳು. ಕಿವಿ ಇಲ್ಲದ ಮ್ಯಾಗ್ನೆಟ್‌ಗೆ ಕಿವಿ ಮಾಡಿಕೊಡೋದು ಈಗ ದೊಡ್ಡ ಕಸುಬಾಗಿದೆ. ಹೆಚ್ಚಿನ ಕಡೆ ಮಾಡೋದು ಹೀಗೆ: ಮುಖ್ಯ ಬಲ ಕಾಯಂ ಮ್ಯಾಗ್ನೆಟ್‌ದು, ಪಕ್ಕದಲ್ಲಿ ಬಡಕಲು ಕಾಯಿಲ್ ಇಟ್ಟು ಚೂರು ಹೆಚ್ಚುಕಮ್ಮಿ ತಿದ್ದಿಕೊಳ್ಳೋದು. ಗೂಟ ನೆಟ್ಟು, ಹಗ್ಗ ಸ್ವಲ್ಪ ಎಳೆಯಲಿಕ್ಕೆ ಒಬ್ಬ ಹುಡುಗನನ್ನು ಇಟ್ಟ ಹಾಗೆ. ಹುಡುಗನ ಊಟ ಎಷ್ಟು ಮಹಾ?

ಇನ್ನೊಂದು ದಾರಿ ಬ್ರಿಟನ್ನಿನ ಡೇರ್ಸ್‌ಬರಿ ಪ್ರಯೋಗಾಲಯದವರು ಮತ್ತು ಯುರೋಪಿನ ಕಣವಿಜ್ಞಾನ ಕೇಂದ್ರ ಸರ್ನ್‌ನವರು ಸೇರಿ ಹಿಡಿದದ್ದು. ಜೆಪ್ಟೋ ಅಂತ ಹೆಸರು. ಮ್ಯಾಗ್ನೆಟ್ ತುಂಡುಗಳನ್ನೇ ಮೋಟರ್‌ನಿಂದ ಕಬ್ಬಿಣದ ಹತ್ತಿರ ದೂರ ಸರಿಸಿ ಬಲ ಬದಲಾಯಿಸೋದು. ಸರಿಸುವಾಗ ಮಾತ್ರ ಕರೆಂಟ್, ನಿಂತ ಮೇಲೆ ಸೊನ್ನೆ. 2022ರಲ್ಲಿ ಬ್ರಿಟನ್ನಿನ ಡೈಮಂಡ್ ಅನ್ನುವ ಇಂಥದೇ ಉಂಗುರದ ಯಂತ್ರದಲ್ಲಿ, ಸಣ್ಣ ಉಂಗುರದಿಂದ ದೊಡ್ಡದಕ್ಕೆ ಹೋಗುವ ದಾರಿಯಲ್ಲಿ ಒಂದನ್ನು ಕೂರಿಸಿದರು.

ಅಣ್ಣನಮಗಳು (ಧಾರವಾಡ), ರಾತ್ರಿ 10:20

ಕಿವಿಯೇ ಬೇಡ ಅಂದವರೂ ಇದ್ದಾರೆ ಮಾಸ್ತರ್ರೇ. ಅಮೆರಿಕದ ಕಾರ್ನೆಲ್‌ನಲ್ಲಿ ಸಿಬೀಟಾ ಅಂತ ಯಂತ್ರ. ಕಾಯಂ ಮ್ಯಾಗ್ನೆಟ್ ತುಂಡುಗಳನ್ನು ಉಂಗುರದ ಹಾಗೆ ಜೋಡಿಸಿ, ಒಂದೊಂದರ ಉತ್ತರ ದಿಕ್ಕು ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಗುವ ಹಾಗೆ ಇಡುತ್ತಾರೆ. ಹೀಗಿಟ್ಟರೆ ಬಲವೆಲ್ಲ ಒಳಗೇ ಸೇರುತ್ತದೆ, ಹೊರಗೆ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ. ಕ್ಲೌಸ್ ಹಾಲ್‌ಬಾಕ್ ಅನ್ನುವ ವಿಜ್ಞಾನಿಯ ಹೆಸರಲ್ಲಿ ಈ ಜೋಡಣೆ ಪ್ರಸಿದ್ಧ. ಅಲ್ಲಿ 2019ರಲ್ಲಿ 42, 78, 114, 150 ಎಂಇವಿ, ಹೀಗೆ ನಾಲ್ಕು ಬೇರೆ ಶಕ್ತಿಯ ಎಲೆಕ್ಟ್ರಾನುಗಳು ಅದೇ ಒಂದು ಸಾಲಿನ ಮ್ಯಾಗ್ನೆಟ್ ಮೂಲಕ ಹಾದುಹೋದವು. ಮ್ಯಾಗ್ನೆಟ್ ಬದಲಾಗುವುದಿಲ್ಲ, ಎಲೆಕ್ಟ್ರಾನ್ ದಾರಿ ಸ್ವಲ್ಪ ಒಳಗೆ ಹೊರಗೆ ಆಗುತ್ತದೆ ಅಷ್ಟೇ.

ಬೇಲೆಕೇರಿ_ಬಾಳೆ (ಅಂಕೋಲಾ), ರಾತ್ರಿ 10:45

ಸೂಪರ್ ಕಂಡಕ್ಟರ್ ಹಾಕಿದರೆ ಬಿಸಿಯೇ ಆಗಲ್ಲ ಅಂತಾರಲ್ಲ, ಮತ್ತೆ ಇದೆಲ್ಲ ಯಾಕೆ?

ನಿವೃತ್ತ_ಕದ್ರಾ, ರಾತ್ರಿ 10:55

ಅದನ್ನು ತಣ್ಣಗಿಡಲು ಹಗಲು ರಾತ್ರಿ ಫ್ರಿಜ್ ಓಡಿಸಬೇಕು, ಅದೂ ಹೀಲಿಯಂನದ್ದು. ಜೋರು ಬಲ ಬೇಕಾದ ಕಡೆ ಅದು ಬೇಕೇಬೇಕು. ಅರ್ಧ ಟೆಸ್ಲಾಕ್ಕೆ ಯಾರು ಆ ಸಾಹಸ ಮಾಡುತ್ತಾರೆ?

ಅಂಕೋಲೆಅನುಮಾನ, ಮಂಗಳವಾರ ಬೆಳಿಗ್ಗೆ 7:30

ಕೊನೇ ಅನುಮಾನ, ಆಮೇಲೆ ಸುಮ್ಮನಿರುತ್ತೇನೆ. ಸಮೇರಿಯಂ, ನಿಯೋಡಿಮಿಯಂ, ಇವೆಲ್ಲ ಯಾರ ಮನೆ ಅಂಗಳದಲ್ಲಿ ಸಿಗುತ್ತವೆ? 2025ರ ಏಪ್ರಿಲ್‌ನಲ್ಲಿ ಚೀನಾದವರು ಸಮೇರಿಯಂ ಸಹಿತ ಏಳು ಲೋಹಗಳ ರಫ್ತಿಗೆ ಲಗಾಮು ಹಾಕಿದ್ದು ಪೇಪರಿನಲ್ಲಿ ಬಂದಿತ್ತು, ನಮ್ಮ ಗಾಡಿ ಕಂಪನಿಗಳಿಗೂ ಬಿಸಿ ಮುಟ್ಟಿತ್ತು. ನಮ್ಮಲ್ಲಿ ಕೇರಳ, ಒಡಿಶಾದ ಕಡಲ ಮರಳಲ್ಲಿ ಇಂಥ ಲೋಹಗಳಿರುವ ಮೋನಜೈಟ್ ಖನಿಜ ಇದೆ, ಆದರೆ ಅದರ ಜೊತೆ ವಿಕಿರಣ ಸೂಸುವ ಥೋರಿಯಂ ಬರುತ್ತದೆ. ಮರಳು ಬಗೆಯುವುದು, ಆಸಿಡ್, ಕೆಸರು. ಒಂದು ಕಡೆ ಕರೆಂಟ್ ಉಳಿಸಿ ಇನ್ನೊಂದು ಕಡೆ ದಂಡೆ ಕೊರೆದರೆ ಏನು ಬಂತು? ದಂಡೆ ಬಿಟ್ಟುಕೊಟ್ಟವರು ನಾವು, ನಮಗೆ ಅದರ ರುಚಿ ಗೊತ್ತು.

ಕಾಳಿದಂಡೆ_ಮಾಸ್ತರು (ಕಾರವಾರ), ಬೆಳಿಗ್ಗೆ 8:45

ಈ ಅನುಮಾನಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಇದು ನ್ಯಾಯವಾದ ಮಾತು. ವಿಶಾಖಪಟ್ಟಣದಲ್ಲಿ ಸರಕಾರಿ ಕಂಪನಿಯ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ ಘಟಕ 2023ರಲ್ಲಿ ಶುರುವಾಗಿದೆ, ವರ್ಷಕ್ಕೆ 3,000 ಕಿಲೋ ಮಾಡುವ ಸಾಮರ್ಥ್ಯ. ಅಂದರೆ ನಮಗೆ ಬರುವುದಿಲ್ಲ ಅಂತಲ್ಲ.

ಆದರೆ ಅಪರೂಪದ ಲೋಹ ಬೇಕೇಬೇಕು ಅಂತಲೂ ಇಲ್ಲ. ನಮ್ಮ ತಂತಿಯಣ್ಣ ಚಹಾ ಪಾತ್ರೆಯಲ್ಲಿ ಮುಳುಗಿಸಿದ ಸ್ಪೀಕರ್ ಮ್ಯಾಗ್ನೆಟ್ ಇದೆಯಲ್ಲ, ಬಹುತೇಕ ಅದೇ ಸಾಮಾನಿನಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನವರು 3.3 ಕಿಲೋಮೀಟರ್ ಉಂಗುರ ಕಟ್ಟಿದರು, 1990ರ ದಶಕದ ಕೊನೆಗೆ. ರಿಸೈಕ್ಲರ್ ಅಂತ. ಸ್ಟ್ರಾನ್ಷಿಯಂ ಫೆರೈಟ್, ಅಗ್ಗದ ಮಾಲು. 8 ಜಿಇವಿಯಲ್ಲಿ ಆಂಟಿಪ್ರೋಟಾನ್, ಅಂದರೆ ಪ್ರೋಟಾನಿನ ವಿರುದ್ಧ ಜೋಡಿ ಕಣ, ಕೂಡಿಡಲಿಕ್ಕೆ. ಆಂಟಿಪ್ರೋಟಾನ್ ಮಾಡುವುದು ಬಹಳ ಕಷ್ಟ, ಕರೆಂಟ್ ಹೋದರೂ ಬಾಗಿಸುವ ಬಲ ಹೋಗಬಾರದು ಅನ್ನೋದೂ ಒಂದು ಅನುಕೂಲ. ಬಿಸಿಗೆ ಡಿಗ್ರಿಗೆ 0.2 ಶೇಕಡಾ ಸೋಲುವ ಮಾಲು ಅಂತ ಹೆದರಲಿಲ್ಲ, ಅದೇ ನಿಕ್ಕಲ್ ಪಟ್ಟಿ ಹಾಕಿದರು. ಫೆರೈಟ್‌ಗೆ ಇನ್ನೊಂದು ಚಾಳಿ ಇದೆ, ಚಳಿಗೂ ಹೆದರುತ್ತದೆ, ತಣ್ಣಗಾದರೆ ಬಲ ಕಾಯಂ ಆಗಿ ಬಿಟ್ಟುಕೊಡಬಹುದು. ಅದಕ್ಕೆ ಮೊದಲೇ ಸೊನ್ನೆ ಡಿಗ್ರಿಗೆ ತಣಿಸಿ, ಬಿಡುವುದನ್ನು ಆಗಲೇ ಬಿಡಿಸಿ, ಆಮೇಲೆ ಅಳತೆ ತಿದ್ದಿ ಸುರಂಗಕ್ಕೆ ಇಳಿಸಿದರು. 2011ರಲ್ಲಿ ಆಂಟಿಪ್ರೋಟಾನ್ ಕೆಲಸ ಮುಗಿದ ಮೇಲೂ ಅದೇ ಮ್ಯಾಗ್ನೆಟ್‌ಗಳು ಪ್ರೋಟಾನ್ ಸುತ್ತಿಸುವ ಕೆಲಸಕ್ಕೆ ಬಂದವು.

ಬಲ ಕಮ್ಮಿ ಇರುವ ಕಾರಣ ಮ್ಯಾಗ್ನೆಟ್ ದಪ್ಪ ಆಗುತ್ತದೆ, ಉಂಗುರ ದೊಡ್ಡದಾಗುತ್ತದೆ. ಜಾಗ ಇದ್ದವರಿಗೆ ಅಡ್ಡಿಯಿಲ್ಲ. ಸ್ವಿಟ್ಜರ್ಲೆಂಡಿನ ವಿಲಿಗನ್‌ನಂಥ ಕಡೆ, 288 ಮೀಟರಿನ ಹಳೇ ಉಂಗುರದ ಜಾಗದಲ್ಲೇ ಹೊಸದು ತುರುಕಬೇಕಾದಾಗ, ಜೋರು ಮಾಲೇ ಬೇಕು. ಅವರು 2023ರಲ್ಲಿ ನಿಲ್ಲಿಸಿ 2025ರಲ್ಲಿ ಮತ್ತೆ ಎಲೆಕ್ಟ್ರಾನ್ ಓಡಿಸಿದರು, ಬಾಗುವ ಮ್ಯಾಗ್ನೆಟ್‌ಗಳು ಕಾಯಂ.

ತಾಮ್ರದತಂತಿ (ಶಿರಸಿ), ಬೆಳಿಗ್ಗೆ 10:10

ಜೋರು ಮಾಲಿನ ಬಗ್ಗೆ ಒಂದು ಮಾತು. ಕಾಯಿಲ್ ಆದರೆ ಸ್ವಿಚ್ ಆಫ್ ಮಾಡಿ ಕೈ ಹಾಕಬಹುದು. ಇದಕ್ಕೆ ಆಫ್ ಇಲ್ಲ. ಹೋದ ವರ್ಷ ಒಂದು ಸರ್ವೋ ಮೋಟರ್ ಬಿಚ್ಚುವಾಗ ರೋಟರ್ ಜಾರಿ ವೈಸಿಗೆ ಅಂಟಿಕೊಂಡಿತು, ನಡುವೆ ನನ್ನ ಹೆಬ್ಬೆರಳು. ಉಗುರು ಕಪ್ಪಾಗಿ ಬಿದ್ದೇ ಹೋಯಿತು, ದೀಪಾವಳಿಗೆ ಹೊಸದು ಬಂತು. ನನ್ನದು ಅಂಗೈಯಷ್ಟು ಮೋಟರ್. ಅವರು ಆಳೆತ್ತರದ ಉದ್ದಕ್ಕೆ ಅದನ್ನು ಜೋಡಿಸುತ್ತಾರೆ ಅಂದರೆ ಯಾವ ಹತ್ಯಾರ ಬಳಸುತ್ತಾರೋ, ಹಿತ್ತಾಳೆಯದ್ದೇ ಇರಬೇಕು. ಸಮೇರಿಯಂನದ್ದು ಪಿಂಗಾಣಿ ಥರ, ಬಿದ್ದರೆ ಚೂರು. ನಾನಂತೂ ಬಿಡಿ, ತಾಮ್ರ ಸುತ್ತಿಕೊಂಡೇ ಇರುತ್ತೇನೆ.

ಹಳ್ಳದಮನೆ (ಶಿರಸಿ), ಬುಧವಾರ ರಾತ್ರಿ 7:50

ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಅವರದ್ದು ಬದಲಾಗದ ಭಾರ, ಅದಕ್ಕೇ ಗೂಟ ಸಾಕು. ನನ್ನದು ಬದಲಾಗುವ ಭಾರ, ಗೂಟಕ್ಕೆ ಹಂಡೆ ಬೇಕು. ಹಾಗಾದರೆ ನನ್ನ ಮನೆಯ ಭಾರವೂ ಪೂರ್ತಿ ಇಳಿಯದ ಹಾಗೆ ಮಾಡಿಬಿಟ್ಟರೆ? ಅದನ್ನೇ ಯೋಚನೆ ಮಾಡಿ, ಹೊಸ ಕಂಟ್ರೋಲರ್ ತರಿಸಿ, ಅದು ಮತ್ತೆ ಕೈಕೊಟ್ಟರೂ ಇರಲಿ ಅಂತ ಇನ್ನೊಂದು ಹೀಟರನ್ನು ನೇರವಾಗಿ, ಪೆಟ್ಟಿಗೆ ದಾಟಿಸಿ ಜೋಡಿಸಿದ್ದೇನೆ. ಹಗಲೂ ರಾತ್ರಿ ಅದು ಒಂದೇ ಸಮ ತಿನ್ನುತ್ತಿರುತ್ತದೆ. ತಂತಿಯಣ್ಣ ಬಂದು ವೈರಿಂಗ್ ನೋಡಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ, ಎರಡು ಗೊನೆ ಬಾಳೆ ಹೊತ್ತುಕೊಂಡು ಹೋದರು.

ನಿನ್ನೆಯಿಂದ ಮಳೆ ಜೋರು. ಹಳ್ಳ ಕೆಂಪಗೆ ತುಂಬಿ ಬಂದಿದೆ, ವೋಲ್ಟೇಜ್ 228ರಲ್ಲಿ ನಿಂತಿದೆ. ಮನೆಯಲ್ಲಿ ಈಗ ಒಂದೇ ತಕರಾರು: ಹಂಡೆ ನೀರು ಬೆಳಗಿನಿಂದ ಕುದಿಯುತ್ತಲೇ ಇದೆ, ಮೀಯುವವರು ಸಾಲುತ್ತಿಲ್ಲ. ಈ ಕಡೆ ಬಂದರೆ ಟವೆಲ್ ತನ್ನಿ.